ಸಿಗ್ನಲ್ ಹೋದ್ಮೇಲೆ ಡ್ರೋನ್ ಏನ್ ಮಾಡತ್ತೆ? ಮೊದ್ಲು ಅದನ್ನ ಕೇಳಿ

ಪ್ರಶ್ನೆ: ಸಾರ್ ನಮಸ್ಕಾರ. ನಮ್ದು ಮದ್ದೂರು ಕಡೆ ಹಳ್ಳಿ. ಮೈಸೂರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬಾಡಿಗೆ ಶೆಡ್ ತಗಂಡು ಆರು ಜನ ಸೇರಿ ಕಬ್ಬು, ಭತ್ತಕ್ಕೆ ಔಷಧಿ ಹೊಡೆಯೋ ಡ್ರೋನ್ ಜೋಡಿಸಿ ಮಾರ್ತೀವಿ, ರಿಪೇರಿನೂ ಮಾಡ್ತೀವಿ. ಕಬ್ಬಲ್ಲಿ ಎಲ್ಲಿ ರೋಗ ಬಿದ್ದದೆ ಅಂತ ಕ್ಯಾಮೆರಾದಲ್ಲೇ ಗುರುತು ಹಿಡಿಯೋ ಸಾಫ್ಟ್‌ವೇರ್ ನನ್ ಪಾರ್ಟ್ನರ್ ಬರೆದವ್ನೆ. ಈಗ ಬೆಂಗ್ಳೂರಿನ ಒಂದು ಡಿಫೆನ್ಸ್ ಸ್ಟಾರ್ಟಪ್‌ನವ್ರು ಅದನ್ನ ನೋಡಿ, ಆತ್ಮಾಹುತಿ ಡ್ರೋನ್‌ಗೆ ಟಾರ್ಗೆಟ್ ಲಾಕ್ ಮಾಡೋ ಕ್ಯಾಮೆರಾ ಮಾಡ್ಯೂಲ್ ಮಾಡ್ಕೊಡಿ ಅಂತಾವ್ರೆ. ನಮ್ಮ ಎರಡು ವರ್ಷದ ವ್ಯಾಪಾರ ಅದೊಂದೇ ಆರ್ಡರ್‌ನಲ್ಲಿ ಬತ್ತದೆ. ಆದ್ರೆ ಪಾರ್ಟ್ನರ್ ಇದು ಕಿಲ್ಲರ್ ರೋಬೋ ಕೆಲ್ಸ, ನಾನು ಬರಲ್ಲ ಅಂತಾನೆ. ನಮ್ಮವ್ವ ಅಂತೂ "ಗದ್ದೆಗೆ ಔಷಧಿ ಹೊಡೆಯೋ ಮಿಷಿನ್ನ ತಗಂಡೋಗಿ ಜನ ಸಾಯ್ಸಕ್ಕೆ ಕೊಟ್ಟೀಯೇನ್ಲಾ" ಅಂತ ಎರಡು ದಿನ ಮಾತೇ ಆಡ್ಲಿಲ್ಲ. ಸ್ಟಾರ್ಟಪ್‌ನವ್ರು ಏನ್ ಹೇಳ್ತಾರೆ ಅಂದ್ರೆ ಬಟನ್ ಒತ್ತೋದು ಮನುಷ್ಯನೇ, ನಿಮಗೇನು ಯೋಚ್ನೆ ಅಂತ. ಇದು ನಿಜಾನಾ? ಕಾನೂನು ಏನ್ ಹೇಳ್ತದೆ? ಒಪ್ಕೊಂಡ್ರೆ ಮುಂದೆ ತೊಂದ್ರೆ ಆಯ್ತದಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದ್ದೆ. ಕಾನೂನು, ದುಡ್ಡು, ಪಾರ್ಟ್ನರ್ ಎಲ್ಲಾ ಕೇಳಿದೀರ, ಆದ್ರೆ ನಿಮ್ಮ ನಿದ್ದೆ ಕೆಡಿಸ್ತಿರೋದು ಒಂದೇ ವಿಷ್ಯ ಅಂತ ನಂಗನ್ಸತ್ತೆ: ನಾನು ಮಾಡಿಕೊಟ್ಟ ಪೆಟ್ಟಿಗೆ ನಾಳೆ ತಪ್ಪು ಜನರ ಮೇಲೆ ಹೋಗಿ ಬಿದ್ರೆ ಅದ್ರಲ್ಲಿ ನನ್ನ ಪಾಲೆಷ್ಟು. ಇದಕ್ಕೆ ಹೂಂ ಉಹೂಂ ಅಂತ ಉತ್ತರ ಇಲ್ಲ, ಆದ್ರೆ ಎಲ್ಲಿ ನೋಡ್ಬೇಕು ಅಂತ ಹೇಳ್ಬಲ್ಲೆ. ನಾನು ಇಪ್ಪತ್ತು ವರ್ಷದ ಮೇಲೆ ಡಿಫೆನ್ಸ್ ಎಲೆಕ್ಟ್ರಾನಿಕ್ಸ್ ಟೆಸ್ಟಿಂಗ್ ಮಾಡ್ದೋನು, ಈಗ ಮೈಸೂರಲ್ಲಿ ಕೂತು ಸಣ್ಣ ಕಂಪನಿಗಳಿಗೆ ಅದೇ ಕೆಲ್ಸ ಮಾಡಿಕೊಡ್ತೀನಿ. ಡಿಸೈನ್ ಮಾಡೋರು ಯಂತ್ರ ಹೇಗೆ ಕೆಲ್ಸ ಮಾಡತ್ತೆ ಅಂತ ನೋಡ್ತಾರೆ, ನಾವು ಟೆಸ್ಟಿಂಗ್‌ನವ್ರು ಹೇಗೆ ಕೈ ಕೊಡತ್ತೆ ಅಂತ ನೋಡ್ತೀವಿ, ಹಾಗಾಗಿ ನನ್ನ ಮಾತಲ್ಲಿ ಸ್ವಲ್ಪ ಅನುಮಾನ ಜಾಸ್ತಿ ಇದ್ರೆ ಅದು ವೃತ್ತಿದೋಷ ಅನ್ಕೊಳಿ.

ಮೊದ್ಲು ಕಿಲ್ಲರ್ ರೋಬೋ ಅನ್ನೋ ಮಾತು. ಟಿವಿಯವ್ರು ತೋರ್ಸೋ ಕೆಂಪು ಕಣ್ಣಿನ ರೋಬೋ ಎಲ್ಲೂ ಇಲ್ಲ, ಅದನ್ನ ಬಿಟ್ಟಾಕಿ. ಹಾಗಂತ ತಾನೇ ಹುಡುಕಿ ತಾನೇ ಹೊಡೆಯೋ ಆಯುಧ ಮುಂದ್ಯಾವಾಗ್ಲೋ ಬರೋದು ಅನ್ನೋದೂ ತಪ್ಪು, ಅದು ಬಂದು ಬಹಳ ಕಾಲ ಆಗಿದೆ. ನೆಲಬಾಂಬ್ ಇದ್ಯಲ್ಲ, ಅದಕ್ಕಿಂತ ದೊಡ್ಡ ಸ್ವಯಂಚಾಲಿತ ಆಯುಧ ಯಾವ್ದು ಹೇಳಿ, ಹೂತಿಟ್ಟೋನು ಊರಿಗೆ ಹೋಗಿ ಮದ್ವೆ ಆಗಿ ಮಕ್ಕಳಾದ್ಮೇಲೂ ಅದು ಯಾರ ಕಾಲಿಗೋ ಕಾಯ್ತಾ ಕೂತಿರತ್ತೆ. ಅಮೆರಿಕದ ನೌಕಾಪಡೆಯ ಫ್ಯಾಲಂಕ್ಸ್ ಅನ್ನೋ ಗನ್ 1980ರಿಂದ ಹಡಗಿನ ಮೇಲಿದೆ, ಆಟೋಮ್ಯಾಟಿಕ್ ಮೋಡ್‌ಗೆ ಹಾಕಿದ್ರೆ ತಾನೇ ರೇಡಾರ್‌ನಲ್ಲಿ ನೋಡಿ ಬರೋ ಮಿಸೈಲನ್ನ ತಾನೇ ಹೊಡೆಯತ್ತೆ. ಇಸ್ರೇಲಿನ ಹಾರ್ಪಿ ಅಂತ ಒಂದಿದೆ, ಆಕಾಶದಲ್ಲಿ ಸುತ್ತುತ್ತಾ ಶತ್ರು ರೇಡಾರ್ ಆನ್ ಆಗೋದನ್ನೇ ಕಾದು, ಆನ್ ಆದ ತಕ್ಷಣ ಅದರ ಮೇಲೆ ಹೋಗಿ ಬೀಳತ್ತೆ, ನಮ್ಮ ದೇಶದ ಹತ್ರಾನೂ ಇದೆ. ಅಷ್ಟ್ಯಾಕೆ, ನಿಮ್ಮ ಜಿಲ್ಲೆ ಶ್ರೀರಂಗಪಟ್ಟಣದಿಂದ ಹಾರಿದ ಕಬ್ಬಿಣದ ಕೊಳವೆ ರಾಕೆಟ್ಟೂ ಬತ್ತಿ ಹಚ್ಚಿದ್ಮೇಲೆ ಯಾರ ಮಾತೂ ಕೇಳ್ತಿರಲಿಲ್ಲ.

ಹೊಸದು ಏನು ಅಂದ್ರೆ ಕ್ಯಾಮೆರಾ. ರೇಡಾರ್ ಅಲೆ ಹಿಡಿಯೋದು ಸುಲಭ, ಅದು ಹಸು ಕರು ಬಿಡೋ ಅಲೆ ಅಲ್ಲ. ಆದ್ರೆ ಚಿತ್ರ ನೋಡಿ ಇದು ಟ್ಯಾಂಕು, ಇದು ಟ್ರ್ಯಾಕ್ಟರು ಅಂತ ಹೇಳೋದು ಬೇರೆ ಆಟ, ಅದನ್ನ ಈಗ ಅಂಗೈ ಅಗಲದ ಬೋರ್ಡ್ ಮಾಡತ್ತೆ, ನಿಮ್ಮ ಕಬ್ಬಿನ ಡ್ರೋನ್‌ನಲ್ಲಿ ಇರೋದೂ ಹೆಚ್ಚುಕಮ್ಮಿ ಅದೇ ಬೋರ್ಡು.

ನಿಮ್ಮ ಪಾರ್ಟ್ನರ್‌ಗೆ ಇದು ಗೊತ್ತಿರತ್ತೆ, ನಿಮಗಾಗಿ ಹೇಳ್ತೀನಿ. ಟಾರ್ಗೆಟ್ ಲಾಕ್ ಅನ್ನೋ ಒಂದೇ ಹೆಸರಲ್ಲಿ ಮೂರು ಬೇರೆ ಬೇರೆ ಕೆಲ್ಸ ಇದಾವೆ. ಕೆಳಗಿನ ಮೆಟ್ಲಲ್ಲಿ ಆಪರೇಟರ್ ಸ್ಕ್ರೀನ್ ಮೇಲೆ ಬೆರಳಿಟ್ಟು ಇದು ಅಂತ ಚೌಕ ಹಾಕ್ತಾನೆ, ಯಂತ್ರ ಆ ಚೌಕ ಬಿಡದೆ ಹಿಂಬಾಲಿಸತ್ತೆ ಅಷ್ಟೇ, ಅದಕ್ಕೆ ಒಳಗಿರೋದು ಟ್ಯಾಂಕಾ ತೆಂಗಿನ ಮರಾನಾ ಗೊತ್ತಿಲ್ಲ. ಅದರ ಮೇಲಿನ ಮೆಟ್ಲಲ್ಲಿ ಯಂತ್ರಾನೇ ಹತ್ತು ಚೌಕ ಹಾಕಿ ತೋರ್ಸತ್ತೆ, ಆಪರೇಟರ್ ಒಂದನ್ನ ಆರಿಸ್ತಾನೆ. ಮೇಲಿನ ಮೆಟ್ಲಲ್ಲಿ ಈ ಏರಿಯಾದೊಳಗೆ ಈ ಥರದ ವಾಹನ ಕಂಡ್ರೆ ಹೊಡಿ ಅಂತ ಹೇಳಿ ಕಳಿಸಿದ್ರೆ ಮುಗೀತು, ಆರಿಸೋದೂ ಹೊಡೆಯೋದೂ ಅದೇ. ಈಗ ಕೇಳಿ, ಮೂರಕ್ಕೂ ಬೇಕಾದ ಕ್ಯಾಮೆರಾ ಒಂದೇ, ಬೋರ್ಡ್ ಒಂದೇ, ಮೇಲಿನ ಎರಡಕ್ಕೆ ಚಿತ್ರ ಗುರುತು ಹಿಡಿಯೋ ಮಾಡೆಲ್ ಕೂಡ ಹೆಚ್ಚುಕಮ್ಮಿ ಒಂದೇ. ಎರಡನೇ ಮೆಟ್ಲಿಂದ ಮೂರನೇದಕ್ಕೆ ಹತ್ತೋಕೆ ಹೊಸ ಹಾರ್ಡ್‌ವೇರ್ ಬೇಡ, ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಸಾಕು. ಅಂದ್ರೆ ನೀವು ಕೆಳಗಿನ ಮೆಟ್ಲಿಗೆ ಅಂತ ಮಾಡಿಕೊಟ್ಟ ಮಾಡ್ಯೂಲ್ ಆರು ತಿಂಗಳಾದ್ಮೇಲೆ ಮೇಲಿನ ಮೆಟ್ಲಲ್ಲಿ ಕೂತಿರಬಹುದು, ನಿಮಗೆ ಗೊತ್ತೂ ಆಗಲ್ಲ. ಬಟನ್ ಒತ್ತೋದು ಮನುಷ್ಯನೇ ಅಂದ್ರಲ್ಲ ಸ್ಟಾರ್ಟಪ್‌ನವ್ರು, ಅದು ಇವತ್ತಿನ ಮಟ್ಟಿಗೆ ನಿಜ ಇರಬಹುದು.

ಯಾಕೆ ಎಲ್ರೂ ಆ ಮೇಲಿನ ಮೆಟ್ಲಿಗೇ ಹೋಗ್ತಿದಾರೆ ಅಂತ ಕೇಳಿದ್ರೆ ಜನ ಎಐ ಮುಂದುವರೀತು ಅದಕ್ಕೆ ಅಂತಾರೆ. ಅದು ಅರ್ಧ ಮಾತ್ರ, ಇನ್ನರ್ಧ ಜ್ಯಾಮರ್. ಯುಕ್ರೇನ್‌ನಲ್ಲಿ ಕೆಲವು ನೂರು ಡಾಲರಿನ ಡ್ರೋನ್‌ಗಳು ಕೋಟಿಗಟ್ಲೆ ಬೆಲೆಯ ಟ್ಯಾಂಕ್ ಸುಡೋಕೆ ಶುರು ಮಾಡಿದ್ವಲ್ಲ, ಅದಕ್ಕೆ ಎರಡೂ ಕಡೆಯವ್ರು ಕಂಡ್ಕೊಂಡ ಮದ್ದು ಅಂದ್ರೆ ರೇಡಿಯೋ ಸಿಗ್ನಲ್ ಕೆಡ್ಸೋದು. ಜ್ಯಾಮರ್ ಇಲ್ದಿದ್ರೂ ಒಂದು ತೊಂದ್ರೆ ಇದೆ, ನೀವೇ ನೋಡಿರ್ತೀರ, ಡ್ರೋನ್ ನೆಲಕ್ಕೆ ಹತ್ರ ಇಳಿದ ಹಾಗೆ ಮರ, ಕಟ್ಟಡ, ದಿಬ್ಬ ಅಡ್ಡ ಬಂದು ವಿಡಿಯೋ ಗುರ್ ಗುರ್ ಅನ್ನತ್ತೆ. ಹೊಡೆಯೋ ಡ್ರೋನ್‌ಗೆ ಕೊನೇ ಕೆಲವು ನೂರು ಮೀಟರೇ ಮುಖ್ಯ, ಸಿಗ್ನಲ್ ಹೋಗೋದೂ ಅಲ್ಲೇ. ಇದಕ್ಕೆ ಅವ್ರು ಹುಡುಕಿದ ದಾರಿ ಎರಡು. ಒಂದು, ಡ್ರೋನ್ ಹಿಂದೆ ಕೂದಲೆಳೆಯಂಥ ಫೈಬರ್ ಕೇಬಲ್ ಬಿಚ್ಕೊಂಡು ಹೋಗೋದು, ಗಾಳಿಪಟದ ದಾರದ ಥರ, ಅಲ್ಲಿ ಹೊಲ ಎಲ್ಲಾ ಈಗ ಜೇಡರ ಬಲೆ ಕಟ್ಟಿದ ಹಾಗೆ ಹೊಳೆಯತ್ತೆ. ಇನ್ನೊಂದು, ಕೊನೇ ಭಾಗನ ಯಂತ್ರಕ್ಕೇ ಬಿಟ್ಟುಬಿಡೋದು. ನಿಮ್ಮನ್ನ ಕೇಳ್ತಿರೋದು ಈ ಎರಡನೇದು.

ಇದರ ಜೊತೆ ಲೆಕ್ಕಾಚಾರ ಬೇರೆ. ಒಂದು ಡ್ರೋನ್‌ಗೆ ಒಬ್ಬ ಪೈಲಟ್ ಅಂದ್ರೆ ಸಾವಿರ ಡ್ರೋನ್‌ಗೆ ಸಾವಿರ ಜನ ಬೇಕು. 2023ರ ಆಗಸ್ಟ್‌ನಲ್ಲಿ ಅಮೆರಿಕದವ್ರು ರೆಪ್ಲಿಕೇಟರ್ ಅಂತ ಯೋಜನೆ ಘೋಷಣೆ ಮಾಡಿದ್ರು, ಒಂದೂವರೆ ಎರಡು ವರ್ಷದಲ್ಲಿ ಸಾವಿರಾರು ಸ್ವಯಂಚಾಲಿತ ಯಂತ್ರ ಸೇನೆಗೆ ಇಳಿಸ್ತೀವಿ ಅಂತ. ಅಷ್ಟಕ್ಕೂ ಒಬ್ಬೊಬ್ಬನ್ನ ಕೂರ್ಸೋ ಮಾತೇ ಇಲ್ಲ.

ಇಲ್ಲಿ ಬರ್ತಾರೆ ನೀವು ಪೇಪರ್‌ನಲ್ಲಿ ಓದೋ ಟೆಕ್ ಉದ್ಯಮಿಗಳು. ಪಾಮರ್ ಲಕ್ಕಿ ಅಂತ ಒಬ್ಬ, ಗೇಮ್ ಆಡೋ ಕನ್ನಡಕ ಮಾಡಿ 2014ರಲ್ಲಿ ಫೇಸ್‌ಬುಕ್‌ಗೆ ಸುಮಾರು 200 ಕೋಟಿ ಡಾಲರ್‌ಗೆ ಮಾರ್ದ, 2017ರಲ್ಲಿ ಅಲ್ಲಿಂದ ಹೊರಗೆ ಬಂದು ಅದೇ ವರ್ಷ ಅಂಡುರಿಲ್ ಅನ್ನೋ ಆಯುಧ ಕಂಪನಿ ಶುರು ಮಾಡ್ದ, 2025ರಲ್ಲಿ ಅದರ ಬೆಲೆ 3,050 ಕೋಟಿ ಡಾಲರ್ ಅಂತ ಕಟ್ಟಿದಾರೆ. ಅವನು ತಂದ ಬದಲಾವಣೆ ತಂತ್ರಜ್ಞಾನಕ್ಕಿಂತ ವ್ಯಾಪಾರದ್ದು. ಮುಂಚೆ ಸರ್ಕಾರ ನಂಗೆ ಇಂಥಾದ್ದು ಬೇಕು ಅಂತ ಬರೆದುಕೊಡ್ತಿತ್ತು, ಕಂಪನಿ ಸರ್ಕಾರದ ದುಡ್ಡಲ್ಲಿ ಹತ್ತು ಹದಿನೈದು ವರ್ಷ ಎಳೆದು ಮಾಡ್ತಿತ್ತು. ಇವ್ರು ಹೂಡಿಕೆದಾರರ ದುಡ್ಡಲ್ಲಿ ಮೊದ್ಲೇ ಮಾಡಿಟ್ಟು, ತಗೊಳ್ಳಿ ಅಂತ ತೋರಿಸ್ತಾರೆ, ಮೊಬೈಲ್ ಅಂಗಡಿ ಥರ. ಜರ್ಮನಿಯಲ್ಲಿ 2021ರಲ್ಲಿ ಹುಟ್ಟಿದ ಹೆಲ್ಸಿಂಗ್ ಅದೇ ದಾರಿ, ಅದಕ್ಕೆ ದುಡ್ಡು ಹಾಕಿದ್ದು ಸ್ಪಾಟಿಫೈ ಶುರು ಮಾಡಿದ ಡೇನಿಯಲ್ ಎಕ್, ಅದಕ್ಕೆ ಸಿಟ್ಟಾಗಿ ಕೆಲವು ಬ್ಯಾಂಡಿನವ್ರು ಸ್ಪಾಟಿಫೈಯಿಂದ ತಮ್ಮ ಹಾಡನ್ನೇ ತೆಗೆದುಬಿಟ್ರು. 2025ರ ಜೂನ್‌ನಲ್ಲಿ ಅಮೆರಿಕದ ಸೇನೆ ನಾಲ್ಕು ಜನ ಟೆಕ್ ಕಂಪನಿ ದೊಡ್ಡೋರಿಗೆ ನೇರವಾಗಿ ಲೆಫ್ಟಿನೆಂಟ್ ಕರ್ನಲ್ ಪಟ್ಟಾನೇ ಕಟ್ತು, ಅದರಲ್ಲಿ ಪ್ಯಾಲಂಟಿರ್‌ನ ಶ್ಯಾಮ್ ಶಂಕರ್ ಒಬ್ರು. ನಮ್ಮಲ್ಲಿ ಸೈನ್ಯದಲ್ಲಿ ಆ ಪಟ್ಟಕ್ಕೆ ಎಷ್ಟು ವರ್ಷ ಬೆವರು ಸುರಿಸ್ಬೇಕು ಅಂತ ನನ್ನ ಭಾವನ್ನ ಕೇಳ್ಬೇಕು, ಅವ್ರು ಆ ಸುದ್ದಿ ಓದಿ ಕಾಫಿ ಲೋಟ ಕುಕ್ಕಿದ್ರು.

ಇದರಲ್ಲಿ ನಂಗೆ ಕಾಣೋ ತೊಂದ್ರೆ ಏನಂದ್ರೆ ವೇಗ. ಲಕ್ಕಿ ಒಂದು ಮಾತು ಹೇಳ್ತಾನೆ, ಶಾಲಾ ಬಸ್ಸಿಗೂ ಟ್ಯಾಂಕಿಗೂ ವ್ಯತ್ಯಾಸ ಗೊತ್ತಿಲ್ದಿರೋ ನೆಲಬಾಂಬ್ ಮಾಡೋದರಲ್ಲಿ ಏನು ದೊಡ್ಡ ನೀತಿ ಇದೆ ಅಂತ. ಮಾತು ತಳ್ಳಿಹಾಕೋ ಹಾಗಿಲ್ಲ, ಸರಿಯಾಗಿ ಕೆಲ್ಸ ಮಾಡೋ ಬುದ್ಧಿವಂತ ಆಯುಧ ಕುರುಡು ಆಯುಧಕ್ಕಿಂತ ಕಮ್ಮಿ ಜನರನ್ನ ಕೊಲ್ಲಬಹುದು. ಆದ್ರೆ ಸರಿಯಾಗಿ ಕೆಲ್ಸ ಮಾಡತ್ತೆ ಅಂತ ಯಾರು ಯಾವಾಗ ನೋಡ್ತಾರೆ? ಮುಂದಿನ ಫಂಡಿಂಗ್ ರೌಂಡ್‌ಗೆ ಮುಂಚೆ ಡೆಮೋ ಆಗ್ಬೇಕು ಅನ್ನೋ ಕಂಪನಿಯಲ್ಲಿ ಎಲ್ಕಿಂತ ಮೊದ್ಲು ಕತ್ರಿ ಬೀಳೋದು ಟೆಸ್ಟಿಂಗ್ ದಿನಗಳಿಗೇ. ಇದನ್ನ ನಾನು ಊಹೆ ಮಾಡಿ ಹೇಳ್ತಿಲ್ಲ.

ಒಂದು ಸಲ ಒಂದು ಕಂಪನಿ, ಹೆಸ್ರು ಬೇಡ, ನಿಮ್ಮನ್ನ ಕೇಳ್ತಿರೋ ಥರದ್ದೇ ಮಾಡ್ಯೂಲನ್ನ ಒಣಗಿದ ಕೆರೆ ಅಂಗಳದಲ್ಲಿ ಟ್ರಯಲ್ ಮಾಡೋಕೆ ನನ್ನ ಕರೆದಿದ್ರು. ವಾರ್‌ಹೆಡ್ ಇಲ್ಲ ಏನಿಲ್ಲ, ಬರೀ ಕ್ಯಾಮೆರಾ ಇರೋ ಡ್ರೋನು. ಟಾರ್ಗೆಟ್‌ಗೆ ಅಂತ ಟಾರ್ಪಾಲ್ ಹೊದಿಸಿದ ಹಳೇ 407 ಲಾರಿ ನಿಲ್ಸಿದ್ರು. ಮೂರು ಸಲ ಚೆನ್ನಾಗೇ ಹೋಯ್ತು, ಡೈರೆಕ್ಟರ್ ಆಗ್ಲೇ ಯಾರಿಗೋ ಫೋನ್ ಮಾಡಿ ಸಕ್ಸಸ್ ಅಂತಿದ್ರು. ನಾಕನೇ ಸಲಕ್ಕೆ ಸಿಗ್ನಲ್ ಬೇಕಂತಲೇ ಕಟ್ ಮಾಡಿದ್ವಿ, ಅದು ತಾನೇ ಮುಂದುವರೀಬೇಕಿತ್ತು. ಮಟಮಟ ಮಧ್ಯಾಹ್ನ, ಟಾರ್ಪಾಲ್ ಬಿಸ್ಲಿಗೆ ಬೆಳ್ಳಗೆ ಹೊಳೆದು ನೆಲದ ಬಣ್ಣಕ್ಕೇ ಬಂದುಬಿಟ್ಟಿತ್ತು. ಅದೇ ಹೊತ್ತಿಗೆ ಆಚೆ ಏರಿ ಮೇಲೆ ಕಬ್ಬು ತುಂಬ್ಕೊಂಡು ಒಂದು ಟ್ರ್ಯಾಕ್ಟರ್ ಟ್ರೈಲರ್ ಬಂತು. ಆಮೇಲೆ ಲಾಗ್ ತೆಗೆದು ಫ್ರೇಮ್ ಫ್ರೇಮ್ ನೋಡಿದ್ರೆ, ಹಸಿರು ಚೌಕ 407 ಮೇಲಿಂದ ಜಾರಿ ಎರಡು ಫ್ರೇಮ್ ಮಾಯ ಆಗಿ ಮೂರನೇದರಲ್ಲಿ ಟ್ರೈಲರ್ ಮೇಲೆ ಕೂತಿದೆ, ಪಕ್ಕದಲ್ಲಿ ಬರೆದಿರೋ ಕಾನ್ಫಿಡೆನ್ಸ್ 0.91. ಉದ್ದದ ಚೌಕಾಕಾರ, ಮುಂದೆ ಕಪ್ಪು ತಲೆ, ಮೇಲೆ ಗೀರು ಗೀರು, ಅದರ ಕಣ್ಣಿಗೆ ಇನ್ನೂ ಚೆನ್ನಾಗಿರೋ ಲಾರಿನೇ ಸಿಕ್ಕಿದ ಹಾಗೆ. ಝೂಮ್ ಮಾಡಿ ನೋಡಿದ್ವಿ, ಕಬ್ಬಿನ ಮೇಲೆ ಇಬ್ರು ಹುಡುಗ್ರು ಕೂತು ಜಲ್ಲೆ ಸಿಗೀತಾ ಹೋಗ್ತಿದಾರೆ, ಒಬ್ಬ ತಲೆ ಎತ್ತಿ ಡ್ರೋನಿಗೆ ಟಾಟಾ ಮಾಡ್ತಿದಾನೆ.

ಆ ಯಂತ್ರಕ್ಕೆ ಕಲಿಸೋಕೆ ಬಳಸಿದ ಫೋಟೋ ರಾಶಿ, ಅಂದ್ರೆ ಡೇಟಾಸೆಟ್‌ನಲ್ಲಿ, ಸಾವಿರಾರು ಮಿಲಿಟರಿ ಲಾರಿ ಫೋಟೋ ಇತ್ತು, ಕಬ್ಬಿನ ಗಾಡಿ ಒಂದೂ ಇರಲಿಲ್ಲ. ಕೆಲ್ಸ ಮಾಡಿದ ಹುಡುಗ್ರು ಜಾಣರೇ, ಕೆಟ್ಟೋರೂ ಅಲ್ಲ, ಅವ್ರಿಗೆ ಹೊಳೀಲಿಲ್ಲ ಅಷ್ಟೇ. 0.91 ಅಂದ್ರೆ ನೂರಕ್ಕೆ ತೊಂಬತ್ತೊಂದು ಸರಿ ಅಂತ ಡೈರೆಕ್ಟರ್ ತಿಳ್ಕೊಂಡಿದ್ರು, ಅದು ಹಾಗಲ್ಲ. ತನಗೆ ಗೊತ್ತಿರೋ ವಸ್ತುಗಳ ಪೈಕಿ ಇದು ಯಾವ್ದನ್ನ ಹೋಲತ್ತೆ ಅಂತ ಯಂತ್ರ ಹೇಳೋ ನಂಬರ್ ಅದು, ನೋಡೇ ಇಲ್ದಿರೋ ವಸ್ತು ಎದುರಿಗೆ ಬಂದ್ರೂ ಅಷ್ಟೇ ಧೈರ್ಯವಾಗಿ ಹೇಳತ್ತೆ. ನಿಮ್ಮ ಸಾಫ್ಟ್‌ವೇರ್ ನೀರು ಕಮ್ಮಿಯಾಗಿ ಹಳದಿ ತಿರುಗಿದ ಕಬ್ಬನ್ನ ರೋಗ ಅಂತ ತೋರ್ಸಿದ್ರೆ ರೈತನಿಗೆ ಒಂದು ಟ್ಯಾಂಕ್ ಔಷಧಿ ದಂಡ. ಪಾರ್ಟ್ನರ್ ಹೆದರ್ತಿರೋದು ತಪ್ಪಿಗಲ್ಲ, ತಪ್ಪಿನ ಬೆಲೆ ಬದಲಾಗೋದಕ್ಕೆ. ಅವ್ರನ್ನ ಅಂಜುಬುರುಕ ಅಂತ ದಯವಿಟ್ಟು ಅನ್ಬೇಡಿ.

ಈಗ ಬಟನ್ ಮಾತಿಗೆ ಬರೋಣ, ಎಲ್ಕಿಂತ ಜಾಸ್ತಿ ಜನ ನಂಬೋ ಸುಳ್ಳು ಇದೇ. ಮನುಷ್ಯ ಇದಾನೆ ಅಂದ ತಕ್ಷಣ ಸರಿ ಹೋಗಲ್ಲ. 2003ರ ಇರಾಕ್ ಯುದ್ಧದಲ್ಲಿ ಅಮೆರಿಕದ ಪೇಟ್ರಿಯಟ್ ಮಿಸೈಲ್ ವ್ಯವಸ್ಥೆ ಮಾರ್ಚ್ 23ಕ್ಕೆ ತಮ್ಮದೇ ಮಿತ್ರರಾದ ಬ್ರಿಟಿಷರ ಟೊರ್ನಾಡೋ ವಿಮಾನನ ಶತ್ರು ಮಿಸೈಲ್ ಅಂತ ತೋರಿಸ್ತು, ಕೂತಿದ್ದೋರಿಗೆ ಯೋಚ್ನೆ ಮಾಡೋಕೆ ಇದ್ದಿದ್ದು ಒಂದು ನಿಮಿಷದಷ್ಟು, ಹೊಡೆದ್ರು, ಇಬ್ರು ಸತ್ರು. ಹತ್ತು ದಿನ ಬಿಟ್ಟು ಏಪ್ರಿಲ್ 2ಕ್ಕೆ ಅಮೆರಿಕದ್ದೇ ನೌಕಾಪಡೆ ಎಫ್-18 ವಿಮಾನನ ಕೆಡವಿದ್ರು, ಪೈಲಟ್ ಹೋದ. ಎರಡು ಸಲವೂ ಅಲ್ಲಿ ಮನುಷ್ಯರು ಇದ್ರು. ಯಂತ್ರ ಶತ್ರು ಅಂತ ಸ್ಕ್ರೀನ್ ತುಂಬಾ ಕೂಗ್ತಿರುವಾಗ ಇಪ್ಪತ್ತು ಇಪ್ಪತ್ತೆರಡು ವರ್ಷದ ಹುಡುಗ ಇಲ್ಲ ಅಂತ ಹೇಳೋಕೆ ಅವನಿಗೆ ಬೇರೆ ಏನಾದ್ರೂ ಆಧಾರ ಇರ್ಬೇಕಲ್ವಾ, ಇನ್ನೊಂದು ಕ್ಯಾಮೆರಾ, ಇನ್ನೊಬ್ಬನ ಮಾತು, ಹತ್ತು ಸೆಕೆಂಡ್ ಟೈಮು. ಅದ್ಯಾವ್ದೂ ಕೊಡದೆ ಬಟನ್ ಮಾತ್ರ ಕೊಟ್ರೆ ಅವನು ತಪ್ಪಾದಾಗ ಬೈಸ್ಕೊಳ್ಳೋಕೆ ಕೂತಿರೋನು ಅಷ್ಟೇ.

ಹಾಗಂತ ಉಲ್ಟಾ ಕಡೆ ಸುದ್ದಿನೂ ಪೂರ್ತಿ ನಂಬ್ಬೇಡಿ. ಲಿಬಿಯಾದಲ್ಲಿ 2020ರಲ್ಲಿ ಟರ್ಕಿ ಡ್ರೋನ್ ತಾನಾಗೇ ಮನುಷ್ಯರನ್ನ ಕೊಂದಿತು ಅಂತ ವಾಟ್ಸಾಪ್‌ನಲ್ಲಿ ಓಡಾಡತ್ತಲ್ಲ, ವಿಶ್ವಸಂಸ್ಥೆಯ ತಜ್ಞರು 2021ರ ವರದಿಯಲ್ಲಿ ಬರೆದಿದ್ದು ಕಾರ್ಗು-2 ಅನ್ನೋದು ಆಪರೇಟರ್ ಸಂಪರ್ಕ ಇಲ್ದೇನೂ ದಾಳಿ ಮಾಡೋ ಹಾಗೆ ಪ್ರೋಗ್ರಾಮ್ ಆಗಿತ್ತು ಅಂತ, ಅದರಿಂದ ಇಷ್ಟು ಜನ ಸತ್ರು ಅಂತ ಅದರಲ್ಲಿ ಇಲ್ಲ.

ಕಾನೂನು ಕೇಳಿದ್ರಿ. ಸ್ವಯಂಚಾಲಿತ ಆಯುಧ ಮಾಡಬಾರದು ಅಂತ ನಮ್ಮ ದೇಶದಲ್ಲೂ ಕಾನೂನಿಲ್ಲ, ಅಂತರರಾಷ್ಟ್ರೀಯ ಒಪ್ಪಂದಾನೂ ಇಲ್ಲ. ಜಿನೀವಾದಲ್ಲಿ ವರ್ಷಗಟ್ಲೆ ಚರ್ಚೆ ನಡೀತಾ ಇದೆ, ಅಲ್ಲಿನ ತಜ್ಞರ ಗುಂಪಿಗೆ 2017, 2018ರಲ್ಲಿ ಅಧ್ಯಕ್ಷರಾಗಿದ್ದವ್ರು ನಮ್ಮವ್ರೇ, ಅಮನ್‌ದೀಪ್ ಸಿಂಗ್ ಗಿಲ್. ಆದ್ರೆ 2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಮಹಾಸಭೆಯಲ್ಲಿ ಈ ಬಗ್ಗೆ ನಿರ್ಣಯ ಬಂದಾಗ 152 ದೇಶ ಪರವಾಗಿ ಹಾಕಿದ್ರೆ ಭಾರತ ವಿರುದ್ಧ ಹಾಕಿದ ನಾಕು ದೇಶದಲ್ಲಿ ಒಂದು. ಕಾನೂನು ಕಟ್ಟಿ ಕೂರೋಕೆ ಇದು ಸಮಯ ಅಲ್ಲ ಅನ್ನೋದು ನಮ್ಮ ಸರ್ಕಾರದ ನಿಲುವು, ಅದರ ಹಿಂದಿರೋ ಲೆಕ್ಕ ಅರ್ಥ ಮಾಡ್ಕೊಳ್ಳೋದೇನು ಕಷ್ಟ ಅಲ್ಲ, ಪಕ್ಕದಲ್ಲಿ ಯಾರ್ಯಾರು ಇದಾರೆ ಅಂತ ಮ್ಯಾಪ್ ನೋಡಿದ್ರೆ ಗೊತ್ತಾಗತ್ತೆ. ಅಮೆರಿಕದಲ್ಲಿ 2012ರಿಂದ ಒಂದು ನಿಯಮ ಇದೆ, 2023ರಲ್ಲಿ ಹೊಸದು ಮಾಡಿದ್ರು, ಅದೂ ಬೇಡ ಅನ್ನಲ್ಲ, ಬಲಪ್ರಯೋಗದ ಮೇಲೆ ಮನುಷ್ಯನ ವಿವೇಚನೆ ತಕ್ಕಮಟ್ಟಿಗೆ ಇರ್ಲಿ ಅನ್ನತ್ತೆ. ತಕ್ಕಮಟ್ಟಿಗೆ ಅಂದ್ರೆ ಎಷ್ಟು ಅಂತ ಕೇಳ್ಬೇಡಿ.

ನಿಮ್ಮನ್ನ ನೇರವಾಗಿ ಹಿಡಿಯೋ ಕಾನೂನು ಬೇರೆ ಇದಾವೆ. ಸ್ಫೋಟಕ ಜೋಡ್ಸೋ ಕೆಲ್ಸ ನಿಮ್ಮ ಶೆಡ್‌ನಲ್ಲಿ ಒಂದು ಗ್ರಾಂ ಕೂಡ ಬೇಡ, ಅದಕ್ಕೆ ಲೈಸೆನ್ಸೇ ಬೇರೆ, ಟೆಸ್ಟ್‌ಗೆ ಅಂತ ತಂದಿಟ್ಟಿರ್ತೀವಿ ಅಂದ್ರೂ ಒಪ್ಬೇಡಿ. ಸ್ಕೋಮೆಟ್ ಅಂತ ರಫ್ತು ನಿಯಂತ್ರಣದ ಪಟ್ಟಿ ಇದೆ, ಅದರಲ್ಲಿರೋ ವಸ್ತು ಮಾತ್ರ ಅಲ್ಲ, ಅದರ ತಂತ್ರಜ್ಞಾನ ಹೊರಗೆ ಕಳಿಸಿದ್ರೂ ಪರ್ಮಿಷನ್ ಬೇಕು, ಹೊರದೇಶದಲ್ಲಿರೋ ನಿಮ್ಮ ಫ್ರೆಂಡ್‌ಗೆ ಸ್ವಲ್ಪ ಈ ಕೋಡ್ ನೋಡಪ್ಪಾ ಅಂತ ಮೇಲ್ ಮಾಡೋ ಅಭ್ಯಾಸ ಇದ್ರೆ ಈಗ್ಲೇ ನಿಲ್ಸಿ. ಇನ್ನೊಂದು, ನಿಮ್ಮ ಕಬ್ಬಿನ ಡ್ರೋನ್‌ನಲ್ಲಿರೋ ಮೋಟರು, ಅದರ ವೇಗ ನಿಯಂತ್ರಿಸೋ ಇಎಸ್‌ಸಿ, ಕ್ಯಾಮೆರಾ ಎಲ್ಲಿಂದ ಬಂದಿದ್ದು ಅಂತ ನಿಮಗೂ ಗೊತ್ತು ನಂಗೂ ಗೊತ್ತು. ಚೀನಾ ಪಾರ್ಟ್ಸ್ ಸೈನ್ಯದ ಡ್ರೋನ್‌ನಲ್ಲಿ ನಡೆಯಲ್ಲ, ಸ್ಟಿಕ್ಕರ್ ಕಿತ್ತು ಕೊಡೋರು ಇದಾರೆ, ಸಿಕ್ಕಿಬಿದ್ರೆ ಮುಂದೆ ಯಾವ ಬಾಗ್ಲೂ ತೆಗೆಯಲ್ಲ.

ಹಾಗಾದ್ರೆ ಏನ್ ಮಾಡ್ಬಹುದು. ಬೇಡ ಅನ್ನೋದು ಒಂದು ದಾರಿ, ಅದರಲ್ಲಿ ನಾಚಿಕೆ ಪಡೋದೇನಿಲ್ಲ. 2018ರಲ್ಲಿ ಗೂಗಲ್ ಕಂಪನಿಯಲ್ಲೇ ಸಾವಿರಾರು ಜನ ಸಹಿ ಹಾಕಿ, ಡ್ರೋನ್ ವಿಡಿಯೋ ಗುರುತು ಹಿಡಿಯೋ ಮೇವೆನ್ ಅನ್ನೋ ಮಿಲಿಟರಿ ಕೆಲ್ಸ ಬೇಡ ಅಂದ್ರು, ಕಂಪನಿ ಆ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ, ಆಯುಧಕ್ಕೆ ಎಐ ಮಾಡಲ್ಲ ಅಂತ ಬರೆದೂ ಇಟ್ರು. ಕತೆ ಅಲ್ಲಿಗೆ ನಿಲ್ಲಲಿಲ್ಲ, ಮೇವೆನ್ ಬೇರೆ ಕಂಪನಿಗಳ ಕೈಯಲ್ಲಿ ನಡೀತು, 2025ರ ಫೆಬ್ರವರಿಯಲ್ಲಿ ಗೂಗಲ್ ತಾನು ಬರೆದಿದ್ದ ಆ ಸಾಲನ್ನೂ ಅಳಿಸ್ತು. ನೀವು ಬಿಟ್ರೆ ಇನ್ನೊಬ್ಬ ಮಾಡ್ತಾನೆ, ಅದು ನಿಜ, ಆದ್ರೆ ಅದು ನೀವು ಮಾಡೋಕೆ ಕಾರಣ ಆಗಲ್ಲ. ಇಲ್ಲಿ ನಷ್ಟ ದುಡ್ಡಿನದು, ಮಳೆಗಾಲ ಮುಗಿದ್ಮೇಲೆ ಸ್ಪ್ರೇ ಆರ್ಡರ್ ಎಷ್ಟು ಬರತ್ತೆ ಅಂತ ನಿಮಗೆ ಗೊತ್ತಿರತ್ತೆ.

ಬರೀ ಫ್ರೇಮು, ವೈರಿಂಗು ಮಾಡಿಕೊಟ್ಟು ಕ್ಯಾಮೆರಾ ತಂಟೆಗೆ ಹೋಗದೆ ಇರೋದು ಇನ್ನೊಂದು. ತುಂಬಾ ಜನ ಇದನ್ನ ಆರಿಸ್ಕೋತಾರೆ, ಕೈ ತೊಳ್ಕೊಂಡ ಹಾಗೆ ಅನ್ಸತ್ತೆ. ನಂಗೆ ಇದು ಅಷ್ಟು ಇಷ್ಟ ಇಲ್ಲ, ಯಂತ್ರ ಏನು ಮಾಡ್ಬೇಕು ಅನ್ನೋ ಮಾತುಕತೆಯಿಂದಾನೇ ಹೊರಗುಳಿದು ಅದರ ಕಾಲು ಕೈ ಮಾತ್ರ ಮಾಡಿಕೊಟ್ಟ ಹಾಗೆ, ಲಾಭಾನೂ ಕಮ್ಮಿ, ರೇಟ್ ಇನ್ನೊಬ್ಬ ಎರಡು ರೂಪಾಯಿ ಇಳಿಸಿದ್ರೆ ಆರ್ಡರ್ ಹೋಯ್ತು.

ನನ್ನ ಕೇಳಿದ್ರೆ ನಿಮ್ಮ ಕೈಗೆ ಒಗ್ಗೋದು ಡ್ರೋನ್ ಹೊಡೆಯೋ ಡ್ರೋನು, ಇಲ್ಲ ಡ್ರೋನ್ ಪತ್ತೆ ಮಾಡೋ ಕ್ಯಾಮೆರಾ. ಆಕಾಶದ ಹಿನ್ನೆಲೆಯಲ್ಲಿ ಡ್ರೋನ್ ಗುರುತು ಹಿಡಿಯೋದು, ಹದ್ದು ಯಾವ್ದು ಡ್ರೋನ್ ಯಾವ್ದು ಅಂತ ಹೇಳೋದು, ಇದಕ್ಕೆ ನಿಮ್ಮ ಪಾರ್ಟ್ನರ್ ಕೆಲ್ಸ ನೇರ ಉಪಯೋಗಕ್ಕೆ ಬರತ್ತೆ, ತಪ್ಪಾದ್ರೆ ಸಾಯೋದು ಹದ್ದು, ಅದೂ ಪಾಪಾನೇ, ಆದ್ರೂ ಲೆಕ್ಕ ಬೇರೆ. 2025ರ ಮೇ ತಿಂಗಳ ಆಪರೇಷನ್ ಸಿಂಧೂರ್ ಟೈಮಲ್ಲಿ ಗಡಿ ಮೇಲೆ ಡ್ರೋನ್ ಹಿಂಡು ಬಂದಿದ್ದನ್ನ ಎಲ್ರೂ ನೋಡಿದೀವಿ, ಬೇಡಿಕೆ ಇದೆ. ಐಡೆಕ್ಸ್ ಅಂತ ರಕ್ಷಣಾ ಸಚಿವಾಲಯದ್ದು ಒಂದು ಯೋಜನೆ 2018ರಿಂದ ಇದೆ, ಗೆದ್ದ ಸ್ಟಾರ್ಟಪ್‌ಗೆ ಒಂದೂವರೆ ಕೋಟಿ ತನಕ ಗ್ರಾಂಟ್. ಆದ್ರೆ ಹುಷಾರು, ಅದು ಕಂತಲ್ಲಿ ಬರತ್ತೆ, ನೀವೂ ಅಷ್ಟೇ ದುಡ್ಡು ಹಾಕ್ಬೇಕು, ಪ್ರೋಟೋಟೈಪ್ ಚೆನ್ನಾಗಿದೆ ಅಂದ್ಮೇಲೂ ಆರ್ಡರ್ ಕೈಗೆ ಬರೋಕೆ ಚಪ್ಪಲಿ ಸವೆಯತ್ತೆ. ಆಫೀಸ್ ಬಾಡಿಗೆ ಕಟ್ಟೋಕಾಗದೆ ಒಳ್ಳೇ ಪ್ರಾಡಕ್ಟ್ ಇದ್ದೂ ಮುಚ್ಚಿದ ಒಂದು ಟೀಮ್ ನಂಗೇ ಗೊತ್ತು.

ಕೊನೇದು, ಬಂದಿರೋ ಆರ್ಡರನ್ನೇ ಷರತ್ತು ಹಾಕಿ ತಗೊಳ್ಳೋದು. ಇದು ಆಗದ ಮಾತಲ್ಲ. ನಿಮ್ಮ ಸ್ಪ್ರೇ ಡ್ರೋನ್‌ಗೆ ರಿಮೋಟ್ ಸಿಗ್ನಲ್ ಹೋದ್ರೆ ಏನ್ ಮಾಡತ್ತೆ? ಹೊರಟ ಜಾಗಕ್ಕೆ ವಾಪಸ್ ಬರತ್ತೆ, ಫೇಲ್‌ಸೇಫ್‌ನಲ್ಲಿ ನೀವೇ ಹಾಗೆ ಸೆಟ್ ಮಾಡಿರ್ತೀರ. ಆತ್ಮಾಹುತಿ ಡ್ರೋನ್‌ಗೂ ಅದೇ ಮೆನು, ಅದೇ ಪ್ರಶ್ನೆ. ಸಿಗ್ನಲ್ ಹೋದ್ಮೇಲೆ ಮೊದ್ಲು ಮನುಷ್ಯ ತೋರ್ಸಿದ ಗುರಿನ ಮಾತ್ರ ಬೆನ್ನತ್ತತ್ತಾ, ಇಲ್ಲ ಕಳೆದುಹೋದ್ರೆ ಬೇರೆದನ್ನ ತಾನೇ ಹುಡುಕ್ಕೊಳತ್ತಾ, ಇಲ್ಲ ಕೈಬಿಟ್ಟು ಖಾಲಿ ಜಾಗದಲ್ಲಿ ಇಳಿಯತ್ತಾ? ನಾನು ಹೇಳಿದ ಟ್ರೈಲರ್ ಕತೆಯಲ್ಲಿ ತಪ್ಪಾಗಿದ್ದು ಕ್ಯಾಮೆರಾದಿಂದ ಅಂತ ಎಲ್ರೂ ಅಂದ್ರು, ನಾನು ರಿಪೋರ್ಟ್‌ನಲ್ಲಿ ಬರೆದಿದ್ದು ಬೇರೆ, ಗುರಿ ಕಳ್ಕೊಂಡ್ರೆ ಹೊಸದು ಹುಡುಕು ಅಂತ ಯಾರೋ ಒಬ್ರು ಒಂದು ಸಾಲು ಬರೆದಿದ್ರು, ಕೈಬಿಡು ಅಂತ ಬರೆದಿದ್ರೆ ಕ್ಯಾಮೆರಾ ಎಷ್ಟು ಕುರುಡಾಗಿದ್ರೂ ಆ ಹುಡುಗ್ರ ಮೇಲೆ ಹೋಗ್ತಿರಲಿಲ್ಲ. ಇದೇನು ದೊಡ್ಡ ವಿದ್ಯೆ ಅಲ್ಲ, ನಾಗಪುರದಲ್ಲಿ ತಯಾರಾಗಿ 2024ರಲ್ಲಿ ನಮ್ಮ ಸೇನೆಗೆ ಬಂದ ನಾಗಾಸ್ತ್ರ-1 ಅನ್ನೋ ಆತ್ಮಾಹುತಿ ಡ್ರೋನ್ ಗುರಿ ಸಿಗದಿದ್ರೆ ಪ್ಯಾರಾಚೂಟ್ ಬಿಚ್ಕೊಂಡು ವಾಪಸ್ ಇಳಿಯತ್ತೆ, ಇನ್ನೊಂದ್ಸಲ ಬಳಸಬಹುದು.

ಹಾಗಾಗಿ ಮುಂದಿನ ಮೀಟಿಂಗ್‌ನಲ್ಲಿ ರೇಟ್ ಮಾತಾಡೋಕೆ ಮುಂಚೆ ಮೂರು ವಿಷ್ಯ ಬರವಣಿಗೆಯಲ್ಲಿ ಕೇಳಿ. ಲಿಂಕ್ ಲಾಸ್ ಆದಾಗ, ಅಂದ್ರೆ ಸಿಗ್ನಲ್ ಹೋದಾಗ, ಏನು ಮಾಡ್ಬೇಕು ಅನ್ನೋ ಪುಟ. ನಿಮ್ಮ ಮಾಡ್ಯೂಲ್ ಸಾಫ್ಟ್‌ವೇರನ್ನ ನಿಮಗೆ ಗೊತ್ತಿಲ್ದೆ ಬದಲಾಯ್ಸಿದ್ರೆ ಅದರ ಜವಾಬ್ದಾರಿ ಯಾರದು ಅನ್ನೋ ಪುಟ. ಫೀಲ್ಡ್ ಟ್ರಯಲ್ ಲಾಗ್‌ಗಳು, ಮುಖ್ಯವಾಗಿ ಫೇಲ್ ಆದವು, ನಿಮಗೆ ನೋಡೋಕೆ ಸಿಗ್ತಾವಾ ಅನ್ನೋದು. ಅವ್ರು ನಕ್ಕು ಅದೆಲ್ಲಾ ಯೂಸರ್, ಅಂದ್ರೆ ಸೇನೆಯವ್ರು, ತೀರ್ಮಾನ ಮಾಡ್ತಾರೆ ಬಿಡಿ ಅಂದ್ರೆ, ಅಲ್ಲಿಗೆ ನಿಮಗೆ ಉತ್ತರ ಸಿಕ್ತು, ಎದ್ದು ಬನ್ನಿ. ಪುಟ ತೆಗೆದು ಮುಂದೆ ಇಟ್ರೆ ಕೂತು ಮಾತಾಡಿ, ಪಾರ್ಟ್ನರ್‌ನ ಮನೇಲಿ ಬಿಟ್ಟು ಹೋಗ್ಬೇಡಿ, ಆ ಪುಟ ಓದಿ ಅರ್ಥ ಮಾಡ್ಕೊಳ್ಳೋಕೆ ಬರೋದು ಅವ್ರಿಗೆ. ಅವ್ರು ಆಮೇಲೂ ಬೇಡ ಅಂದ್ರೆ, ಸಾಫ್ಟ್‌ವೇರ್ ಬರೆದೋನಿಲ್ದೆ ಈ ಆರ್ಡರ್ ಒಪ್ಕೊಂಡು ಹೊರಗಿನ ಹುಡುಗರ ಕೈಲಿ ಮಾಡ್ಸೋ ಪ್ಲಾನ್ ಮಾತ್ರ ಹಾಕ್ಬೇಡಿ, ಕಬ್ಬಿನ ಗಾಡಿ ಮರೆತಿದ್ದು ಅಂಥಾ ಅವಸರದಲ್ಲೇ.

ನಿಮ್ಮವ್ವಂಗೆ ಏನ್ ಹೇಳ್ಬೇಕು ಅಂತ ಕೇಳಿಲ್ಲ ನೀವು, ನಂಗೂ ಗೊತ್ತಿಲ್ಲ. ನಮ್ಮ ಮನೆಯವ್ರು ಡಿಎಫ್‌ಆರ್‌ಎಲ್‌ನಲ್ಲಿ ಸೈನಿಕರಿಗೆ ಕೆಡದೇ ಇರೋ ಊಟ ಮಾಡೋ ಲ್ಯಾಬ್‌ನಲ್ಲಿದ್ರು, ಇಬ್ರೂ ಡಿಫೆನ್ಸೇ, ಆದ್ರೆ ನಮ್ಮತ್ತೆ ಅವ್ರ ಕೆಲ್ಸದ ಬಗ್ಗೆ ಬೀದಿಗೆಲ್ಲಾ ಹೇಳ್ತಿದ್ರು, ನನ್ನ ಕೆಲ್ಸದ ಬಗ್ಗೆ ಯಾರಾದ್ರೂ ಕೇಳಿದ್ರೆ ಫ್ಯಾಕ್ಟರಿ ಅನ್ನೋರು. ಏನೇನು ಮಾಡ್ಬೇಕು ಅನ್ನೋ ಸ್ಪೆಕ್ ಕೈಗೆ ಬಂದ್ಮೇಲೆ ಬೇಕಾದ್ರೆ ಬರೀರಿ, ಗುಟ್ಟು ಹೊರಗೆ ಹೇಳಲ್ಲ ಅನ್ನೋ ಎನ್‌ಡಿಎ ಒಪ್ಪಂದಕ್ಕೆ ಸೈನ್ ಹಾಕಿದ್ರೆ ಮಾತ್ರ ಕಾಗದ ಕಳಿಸ್ಬೇಡಿ, ಲಿಂಕ್ ಲಾಸ್ ಪುಟ ಇದೆಯೋ ಇಲ್ವೋ ಅಷ್ಟು ಹೇಳಿ ಸಾಕು.